ಮೂರು ಎಣಿಸುವಷ್ಟು ಹೊತ್ತು

ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ನೀರಕ್ಕ ಪಂಪ್‌ಹೌಸಿನ ಕಿಟಕಿಯ ಪಕ್ಕ ನಿಂತು, ಬೆರಳುದ್ದದ ಗಾಜಿನ ಟ್ಯೂಬನ್ನು ನಲ್ಲಿಯ ನೀರಿನಲ್ಲಿ ಮೂರನೆಯ ಸಲ ತೊಳೆಯುತ್ತಿದ್ದಳು. ಎರಡು ಸಲ ತೊಳೆದರೆ ನಿನ್ನೆಯ ನೀರಿನ ಪಸೆ ಉಳಿದಿರುತ್ತದೆ, ನಾಲ್ಕು ಸಲ ತೊಳೆದರೆ ಹೊತ್ತು ದಂಡ. ಮೂರು ಸಲ, ಅಷ್ಟೇ. ಆಮೇಲೆ ಗುರುತಿನ ಗೆರೆಯವರೆಗೆ ನೀರು ಹಿಡಿದು, ಒಂದು ಚಿಕ್ಕ ಬಿಳಿ ಮಾತ್ರೆ ಹಾಕಿ, ಮುಚ್ಚಳ ಬಿಗಿದು ಅಲುಗಿಸಿದಳು. ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಗಾಢ ಗುಲಾಬಿಯೋ ಅಷ್ಟು ಕ್ಲೋರಿನ್. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಓದಬೇಕು. ಅಂಕಿ ಕಡಿಮೆಯಿದ್ದರೆ ಊರಿಗೆ ನೀರು ಬಿಡುವಂತಿಲ್ಲ.

ಆಗ ಫೋನು ಬಡಿದುಕೊಂಡಿತು.

"ಮೇಡಂ, ನಾನು ಸಾಹೇಬರ ಪಿಎ. ಎದ್ದಿದ್ದೀರಾ?"

"ಇಲ್ಲ, ನಿದ್ದೇಲಿ ಮಾತಾಡ್ತಿದ್ದೀನಿ. ಏನು ಹೇಳಿ."

ಪಿಎ ನಕ್ಕ. ನಗುವುದೂ ಅವನ ಕೆಲಸದ ಒಂದು ಭಾಗವಿರಬೇಕು. "ನಾಳೆ ಸಾಹೇಬರ ಪ್ರಮಾಣವಚನ. ಪೂರ್ಣ ಮಂತ್ರಿ ಮೇಡಂ, ಇಡೀ ದೇಶದ ನೀರಿನ ಖಾತೆ. ಅದಕ್ಕೆ ಮುಂಚೆ ಅವರು ಬೆಳೆದು ಬಂದ ದಾರಿ ಬಗ್ಗೆ ಒಂದು ಸಣ್ಣ ಫಿಲ್ಮ್ ಮಾಡ್ತಿದ್ದೀವಿ. ಇವತ್ತು ಹನ್ನೊಂದಕ್ಕೆ ನಿಮ್ಮ ಟ್ಯಾಂಕ್ ಹತ್ರ ಒಂದು ಸೀನು. ನೀವು ನೀರು ಟೆಸ್ಟ್ ಮಾಡಿ ನಂಬರ್ ಹೇಳ್ತೀರ, ಸಾಹೇಬರು ಅದನ್ನೇ ಮೈಕಲ್ಲಿ ಮತ್ತೆ ಹೇಳ್ತಾರೆ, ನೀರು ಬಿಡ್ತೀವಿ. ಅಕ್ಕ ಹೇಳಿದ್ದು, ತಮ್ಮ ಮತ್ತೆ ಹೇಳಿದ್ದು. ನೋಡಿದೋರ ಕಣ್ಣಲ್ಲಿ ನೀರು ಬರತ್ತೆ."

"ನೀರು ಬರಬೇಕಾದ್ದು ನಲ್ಲೀಲಿ."

ಪಿಎ ಮತ್ತೆ ನಕ್ಕ. "ಇನ್ನೊಂದು ವಿಷಯ. ಟ್ಯಾಂಕ್ ಉದ್ಘಾಟನೆಯ ಹಳೇ ಫೋಟೋದಲ್ಲಿ ಕೆಳಗೆ ಗುಂಡಿಯಲ್ಲಿ ಒಬ್ಬರು ನಿಂತಿದ್ದಾರೆ, ವಾಲ್ವ್ ತಿರುಗಿಸೋರು. ಅವರು ಇದ್ದಾರಾ, ಇಲ್ಲಾ..."

"ಇದ್ದಾರೆ."

"ಒಳ್ಳೇದಾಯ್ತು! ಅವರನ್ನೂ ಕರ್ಕೊಂಡು ಬನ್ನಿ. ಒಂದು ಹೂಗುಚ್ಛ ಕೊಟ್ಟುಬಿಡೋಣ."

ನೀರಕ್ಕ ಟ್ಯೂಬನ್ನು ಮೇಜಿನ ಮೇಲಿಟ್ಟಳು. ಕೈಯಲ್ಲೇ ಹಿಡಿದಿದ್ದರೆ ಅದು ಪುಡಿಯಾಗುತ್ತಿತ್ತು. ಮಾತ್ರೆ ಹಾಕಿದ ನೀರನ್ನು ಒಂದು ನಿಮಿಷದೊಳಗೆ ಓದಬೇಕು, ಆ ನಿಮಿಷ ಮೀರಿಹೋಗಿತ್ತು. ಚೆಲ್ಲಿದಳು. ಮೂರು ಸಲ ತೊಳೆದಳು. ಮೊದಲಿನಿಂದ ಶುರು ಮಾಡಿದಳು. ಸಿಟ್ಟು ಬಂದರೆ ಕೆಲವರ ಕೈ ನಡುಗುತ್ತದೆ. ನೀರಕ್ಕನ ಕೈ ಸಿಟ್ಟು ಏರಿದಷ್ಟೂ ನಿಧಾನವಾಗುತ್ತಿತ್ತು.

ಊರಿನ ನೀರು ಸರಬರಾಜು ಕಚೇರಿಯಲ್ಲಿ ಅವಳು ಪರೀಕ್ಷಕಿ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ, ಪಂಪ್ ಆಪರೇಟರಾಗಿದ್ದ ಅಪ್ಪ ತೀರಿಕೊಂಡ. ಅನುಕಂಪದ ಮೇಲೆ ಈ ಕೆಲಸ ಸಿಕ್ಕಿತು. ಆಗ ಮನೆಯಲ್ಲಿದ್ದವರು ಅಮ್ಮ ಮತ್ತು ಇವಳಿಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ. ಅದಾಗಿ ಮೂವತ್ತೇಳು ವರ್ಷ. ಡಿಗ್ರಿ ಆಮೇಲೆ ಅಂಚೆಯ ಮೂಲಕ ಮುಗಿಸಿದಳು, ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ಹೊರಟುಹೋಯಿತು, ಅಮ್ಮ ಮೂರು ವರ್ಷದ ಹಿಂದೆ ತೀರಿಕೊಂಡಳು. ಊರಿನಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ನೀರಕ್ಕ.

ಪಂಪ್‌ಹೌಸಿನಲ್ಲಿ ಒಂದು ಕ್ರಮವಿತ್ತು. ಮೂರು ಪಂಪುಗಳು ಒಟ್ಟಿಗೆ ಓಡುವಾಗ ಪಕ್ಕದವನ ಮಾತು ಪಕ್ಕದವನಿಗೆ ಕೇಳದು. ವಾಲ್ವ್ ಇರುವುದು ಹನ್ನೆರಡು ಮೆಟ್ಟಿಲು ಕೆಳಗಿನ ಗುಂಡಿಯಲ್ಲಿ. ಅದನ್ನು ತಿರುಗಿಸುವ ನೀರುಗಂಟಿ ಅಲ್ಲಿಂದ "ಎಷ್ಟಕ್ಕಾ?" ಎಂದು ಕೂಗುತ್ತಾನೆ. ನೀರಕ್ಕ ಮೇಲಿನಿಂದ ಅಂಕಿ ಹೇಳುತ್ತಾಳೆ. ಅವನು ಅದನ್ನೇ ಮತ್ತೆ ಹೇಳುತ್ತಾನೆ. ಹೇಳಿ, ಮೂರು ಎಣಿಸುತ್ತಾನೆ. ಅವನು ಹೇಳಿದ್ದು ತಪ್ಪಾಗಿದ್ದರೆ ಆ ಮೂರು ಎಣಿಕೆಯೊಳಗೆ ಮೇಲಿನಿಂದ "ಅಲ್ಲ" ಎಂಬ ಮಾತು ಬರಬೇಕು. ಬಾರದಿದ್ದರೆ ಸರಿ ಎಂದೇ ಲೆಕ್ಕ, ವಾಲ್ವ್ ತಿರುಗುತ್ತದೆ. ಅಪ್ಪನ ಕಾಲದಿಂದ ಬಂದ ಕ್ರಮ. ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲಿಲ್ಲ.

ಆ ನೀರುಗಂಟಿ ನೀರಕ್ಕನಿಗಿಂತ ಆರು ವರ್ಷ ದೊಡ್ಡವನು. ಊರೆಲ್ಲ ಕರೆಯುತ್ತದೆಂದು ಅವನೂ ಅವಳನ್ನು ಅಕ್ಕ ಎನ್ನುತ್ತಿದ್ದ, ವಯಸ್ಸಿನ ಲೆಕ್ಕ ಹಿಡಿದು ಇವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹಿರಿಯರಾಗಿಕೊಂಡು ಇಪ್ಪತ್ತಾರು ವರ್ಷ ಊರಿಗೆ ನೀರು ಬಿಟ್ಟರು.

ತಮ್ಮ ಈ ಸದ್ದಿನಲ್ಲೇ ಬೆಳೆದವನು. ಶಾಲೆ ಬಿಟ್ಟವನೇ ಅಕ್ಕನ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬರುತ್ತಿದ್ದ, ಮೆಟ್ಟಿಲ ಮೇಲೆ ಕೂತು ಅಂಕಿಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದ. ಇಪ್ಪತ್ತೆಂಟನೇ ವಯಸ್ಸಿಗೆ ಹನ್ನೆರಡನೇ ವಾರ್ಡಿನಿಂದ ಕೌನ್ಸಿಲರ್ ಚುನಾವಣೆಗೆ ನಿಂತ. ಎದುರಾಳಿಯ ಬಳಿ ಜೀಪು, ಧ್ವನಿವರ್ಧಕ, ಹಿಂದೆ ಓಡಾಡುವ ಜನ. ಇವನ ಬಳಿ ಇದ್ದದ್ದು ಒಂದೇ ಮಾತು: ದಿನಾ ಬೆಳಿಗ್ಗೆ ಅಕ್ಕ ಓದಿದ ಅಂಕಿಯನ್ನು ವಾರ್ಡಿನ ಪ್ರತಿ ನಲ್ಲಿಯ ಮೇಲೂ ಅಂಟಿಸುತ್ತೇನೆ, ನೋಡಿ ಕುಡಿಯಿರಿ.

"ಅಂಕಿ ಕುಡಿದು ಹೊಟ್ಟೆ ತುಂಬಿಸ್ಕೊಳ್ತೀರೇನ್ರೋ?" ಎಂದು ಎದುರಾಳಿ ಜೀಪಿನಲ್ಲಿ ನಿಂತು ಗೇಲಿ ಮಾಡಿದ. ಗೇಲಿಯೇ ಪ್ರಚಾರವಾಯಿತು. ತಮ್ಮ ಗೆದ್ದ. ಗೆದ್ದ ಮೇಲೆ ಮರೆಯಲೂ ಇಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಐದು ವರ್ಷ, ಕೈಯಲ್ಲಿ ಅಂಟಿನ ಡಬ್ಬಿ ಹಿಡಿದು, ಅವನೇ ನಲವತ್ತೊಂದು ನಲ್ಲಿ ಸುತ್ತಿದ. ಜನ ಅವನಿಗೆ ಚೀಟಿ ಕೌನ್ಸಿಲರ್ ಎಂದು ಹೆಸರಿಟ್ಟರು. ಹೆಂಗಸರು ಕೊಡ ಇಡುವ ಮೊದಲು "ಚೀಟಿ ಬಂತಾ?" ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ನೀರಕ್ಕ ತಮ್ಮನನ್ನು ನೋಡಿ ಪಟ್ಟ ಹೆಮ್ಮೆ ಸಣ್ಣದೇನಲ್ಲ. ಈಗಿನ ಸಿಟ್ಟಿನ ಬೇರು ಇರುವುದೂ ಅಲ್ಲೇ. ಮೊದಲಿನಿಂದಲೂ ಕಳ್ಳನಾಗಿದ್ದರೆ ಅವನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಎರಡನೆಯ ಸಲವೂ ಗೆದ್ದ. ಮೂವತ್ತಾರಕ್ಕೆ ಪುರಸಭೆಯ ಅಧ್ಯಕ್ಷನಾದ. ಮರುವರ್ಷ ಊರಿಗೆ ಹೊಸ ಟ್ಯಾಂಕು ಬಂತು, ಅದರ ಉದ್ಘಾಟನೆಗೆ ರಾಜಧಾನಿಯಿಂದ ಪಕ್ಷದ ದೊಡ್ಡ ಮುಖಂಡರು ಬಂದರು. ಅಂದಿನ ವೇದಿಕೆಯ ಮೇಲೆ ಎಲ್ಲ ಸರಿಹೋದರೆ ವಿಧಾನಸಭೆಯ ಟಿಕೆಟ್ ಇವನಿಗೆ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಸರಿಹೋಗಿರಲಿಲ್ಲ. ಹೊಸ ಟ್ಯಾಂಕನ್ನು ತೊಳೆದು, ಕ್ಲೋರಿನ್ ತುಂಬಿ, ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಬೇಕು. ಗುತ್ತಿಗೆದಾರನ ಆಳುಗಳು ಅಂದು ಬೆಳಗಿನವರೆಗೂ ಒಳಗೆ ಚಪ್ಪಲಿ ಕಾಲಿನಲ್ಲಿ ನಿಂತು ಗಾರೆ ಸವರುತ್ತಿದ್ದರು. ಅವರು ಹೊರಬಂದ ಕೂಡಲೇ ನೀರು ತುಂಬಿಸಲಾಯಿತು. ಒಂಬತ್ತು ನಲವತ್ತಕ್ಕೆ ವೇದಿಕೆಯ ಮೆಟ್ಟಿಲ ಮೇಲೆ ನಿಂತು ನೀರಕ್ಕ ಮಾತ್ರೆ ಹಾಕಿ ಅಲುಗಿಸಿದಳು. ನೀರು ನೀರಾಗಿಯೇ ಉಳಿಯಿತು. ಗುಲಾಬಿಯ ಸುಳಿವೂ ಇಲ್ಲ. ಒಂದು ಗೇಣು ದೂರದಲ್ಲಿದ್ದ ತಮ್ಮನ ಮುಖ ನೋಡಿ ಅಂಕಿ ಹೇಳಿದಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅವನಿಗೆ ಕೇಳಿತು. ಬ್ಯಾಂಡು ಬಾರಿಸುತ್ತಿದ್ದುದರಿಂದ ಬೇರೆ ಯಾರಿಗೂ ಕೇಳಲಿಲ್ಲ.

ಅಂದು ಅಂಕಿಯನ್ನು ಮತ್ತೆ ಹೇಳುವ ಸರದಿ ತಮ್ಮನದು. ಅವನು ಮೈಕು ಎತ್ತಿಕೊಂಡ. "ಅಕ್ಕ ಹೇಳ್ತಿದ್ದಾಳೆ, ಸೊನ್ನೆ ಪಾಯಿಂಟ್ ಐದು!" ಎಂದ.

ಕುಡಿಯಲು ಅದು ಹೇಳಿ ಮಾಡಿಸಿದ ಅಂಕಿ. ಆದರೆ ನೀರಕ್ಕ ಹೇಳಿದ್ದು ಅದಲ್ಲ.

ಕೆಳಗೆ ಹೊಸ ಟ್ಯಾಂಕಿನ ವಾಲ್ವ್ ಗುಂಡಿಯಲ್ಲಿ ನೀರುಗಂಟಿ ಮೂರು ಎಣಿಸತೊಡಗಿದ. ಒಂದು: ನೀರಕ್ಕ ತಮ್ಮನನ್ನು ನೋಡಿದಳು, ಅವನು ನೋಟ ಬೇರೆ ಕಡೆ ತಿರುಗಿಸಿದ. ಎರಡು: ಮುಂದಿನ ಸಾಲಿನಲ್ಲಿ ಅಮ್ಮ, ಮಗನನ್ನು ಸರಿಯಾಗಿ ನೋಡಲೆಂದೇ ಮಾಡಿಸಿಕೊಂಡ ಹೊಸ ಕನ್ನಡಕದಲ್ಲಿ. ಮೂರು: ಮುಖಂಡರ ಕೈ ತಮ್ಮನ ಹೆಗಲ ಮೇಲೆ ಬಂತು. ಅಷ್ಟರಲ್ಲಿ ಹೊತ್ತು ಮುಗಿಯಿತು. ವಾಲ್ವ್ ತಿರುಗಿತು. ನೀರು ಚಿಮ್ಮಿತು, ಜನ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ಪುಸ್ತಕವನ್ನು ಯಾರೋ ವೇದಿಕೆಗೆ ಒಯ್ದರು. ಮುಖಂಡರು ಅದನ್ನು ಅತಿಥಿಗಳ ಪುಸ್ತಕ ಎಂದುಕೊಂಡು, ಅಂದಿನ ಸಾಲಿನ ಉದ್ದಕ್ಕೂ, ಅಂಕಿ ಬರೆಯುವ ಜಾಗವೂ ಸೇರಿ, ದಪ್ಪ ಪೆನ್ನಿನಲ್ಲಿ ಸಹಿ ಜಡಿದರು.

ನಾಲ್ಕನೆಯ ದಿನ ತಗ್ಗಿನ ಬೀದಿಯ ಜನ ಹಾಸಿಗೆ ಹಿಡಿದರು. ವಾಂತಿ, ಭೇದಿ. ಒಟ್ಟು ಇನ್ನೂರ ಹದಿನಾಲ್ಕು ಜನ. ಐವರು ಸತ್ತರು. ಅವರಲ್ಲೊಬ್ಬಳು ನೀರಕ್ಕನ ಬೀದಿಯ ತುದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು. ಆಕೆಯ ಗಾಡಿ ಎರಡು ತಿಂಗಳು ಅಲ್ಲೇ ನಿಂತಿತ್ತು, ಮೇಲೆ ಇಸ್ತ್ರಿಪೆಟ್ಟಿಗೆ, ಒಳಗೆ ಆರಿದ ಇದ್ದಿಲು.

ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ನೀರುಗಂಟಿ ತಾನಾಗಿಯೇ ಹೋಗಿ, "ಅಂಕಿ ಬರೋದನ್ನ ಕಾಯ್ಲಿಲ್ಲ, ತಗ್ಗಿನ ಬೀದಿಗೆ ನಾನೇ ಮುಂಚೆ ನೀರು ಬಿಟ್ಟಿದ್ದೆ" ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದ. ನೀರಕ್ಕ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಅಧಿಕಾರಿ ಹೊರಬಂದು, "ನೀವು ಹೋಗಮ್ಮ, ನಿಮ್ಮನ್ನ ಕೇಳೋಕೆ ಏನೂ ಉಳಿದಿಲ್ಲ" ಎಂದ. ಎದ್ದು ಮನೆಗೆ ನಡೆಯುವಾಗ ಆಕೆಗೆ ಎದೆ ಹಗುರವಾದಂತಾಯಿತು. ತಮ್ಮನ ಸುಳ್ಳು ಒಂದು ಕಡೆಯಿರಲಿ. ಆ ಹಗುರವನ್ನು ನೀರಕ್ಕ ತನಗೆ ತಾನು ಇವತ್ತಿಗೂ ಕ್ಷಮಿಸಿಲ್ಲ.

ನೀರುಗಂಟಿಯ ಕೆಲಸ ಹೋಯಿತು. ತಮ್ಮನಿಗೆ ಟಿಕೆಟ್ ಬಂತು. ವಿಧಾನಸಭೆ, ಐದು ವರ್ಷಕ್ಕೆ ಸಂಸತ್ತು, ಮತ್ತೆ ನಾಲ್ಕು ವರ್ಷಕ್ಕೆ ಕಿರಿಯ ಮಂತ್ರಿ. ನೀರಕ್ಕ ಅವನೊಡನೆ ಮಾತು ಬಿಡಲಿಲ್ಲ, ಆಡಲೂ ಇಲ್ಲ. ಅಮ್ಮ ಬದುಕಿರುವವರೆಗೆ "ಊಟ ಆಯ್ತಾ", "ಆಯ್ತು" ಎಂಬಷ್ಟು. ಆದರೆ ಅವನ ಭಾಷಣ ಕಿವಿಗೆ ಬೀಳದಂತೆ ತಡೆಯುವುದು ಹೇಗೆ? ದೇಶದುದ್ದಕ್ಕೂ ಗೋಡೆಗಳ ಮೇಲೆ, ಬಸ್ಸುಗಳ ಮೇಲೆ, ನೀರಿನ ಟ್ಯಾಂಕರುಗಳ ಬೆನ್ನಿನ ಮೇಲೆ ಅವನ ಘೋಷಣೆ: "ನೀವು ಹೇಳಿ, ನಾನು ಮತ್ತೆ ಹೇಳುತ್ತೇನೆ." ಪಂಪ್‌ಹೌಸಿನ ಕ್ರಮ! ಅಪ್ಪನ ಕ್ರಮ! ಅದರಲ್ಲಿ ಇದ್ದದ್ದು ಮೂರು ಭಾಗ. ಹೇಳುವುದು, ಮತ್ತೆ ಹೇಳುವುದು, ಅಲ್ಲ ಎನ್ನುವುದು. ಅವನು ಎರಡನ್ನು ಹೊತ್ತುಕೊಂಡು ಹೋಗಿ ಮೂರನೆಯದನ್ನು ಇಲ್ಲೇ ಬಿಟ್ಟುಹೋಗಿದ್ದ.

ಎಂಟೂ ಕಾಲಿಗೆ ನೀರಕ್ಕ ನೀರುಗಂಟಿಯ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೆಲಸ ಹೋದ ಮೇಲೆ ಅವನು ಬೀಗ ರಿಪೇರಿಗೆ ಕೂತಿದ್ದ. ಮುಂದಿನ ಕೋಣೆ ಎಂಟಡಿ ಉದ್ದ, ಗೋಡೆ ತುಂಬ ಮೊಳೆ, ಮೊಳೆಗೊಂದು ಬೀಗದ ಕೈ. ಅವನು ಕನ್ನಡಕದ ಮೇಲಿನಿಂದ ನೋಡಿದ.

"ಬನ್ನಿ ಅಕ್ಕಾ. ಹನ್ನೊಂದು ವರ್ಷಕ್ಕೆ ದಾರಿ ಸಿಕ್ತಾ?"

"ದಾರಿ ಗೊತ್ತಿತ್ತು ಅಣ್ಣ. ಬರೋಕೆ ಮುಖ ಇರಲಿಲ್ಲ."

"ಮುಖ ಈಗಲೂ ಅದೇ ಇದೆ. ಕೂತ್ಕೊಳ್ಳಿ. ಅಯ್ಯೋ, ಆ ಸ್ಟೂಲ್ ಬೇಡ, ಅದಕ್ಕೆ ಒಂದು ಕಾಲು ಕುಂಟು, ನನ್ನ ಹಾಗೆ."

ಪಿಎ ಹೇಳಿದ್ದನ್ನು ಹೇಳಿದಳು. ಅವನು ಅರದಿಂದ ಬೀಗದ ಕೈ ಉಜ್ಜುತ್ತಲೇ ಕೇಳಿಸಿಕೊಂಡ. "ಹೂಗುಚ್ಛನಾ? ಎಲ್ಲಿಡ್ಲಿ ಅದನ್ನ? ಮೊಳೆ ಎಲ್ಲಾ ಭರ್ತಿ."

ನೀರಕ್ಕನಿಗೆ ನಗು ಬರಲಿಲ್ಲ. ಹನ್ನೊಂದು ವರ್ಷದಿಂದ ಗಂಟಲಲ್ಲಿದ್ದುದನ್ನು ಕೇಳಿಯೇ ಬಿಟ್ಟಳು. "ಅಣ್ಣ, ಅವನು ಏನು ಕೊಟ್ಟು ನಿಮ್ಮ ಬಾಯಿ ಮುಚ್ಚಿಸಿದ?"

"ಯಾರು?"

"ನನ್ನ ತಮ್ಮ."

"ಅವರೇನು ಕೊಡ್ತಾರೆ? ಆವತ್ತಿಂದ ಈವತ್ತಿನವರೆಗೆ ನನ್ನ ಹತ್ರ ಒಂದು ಮಾತೂ ಆಡಿಲ್ಲ."

"ಹೆದರಿಸಿದ್ನಾ?"

"ನನ್ನನ್ನಾ? ಚಿಕ್ಕವರಿದ್ದಾಗ ನನ್ನ ಹೆಗಲ ಮೇಲೆ ಕೂತು ಗುಂಡಿ ನೋಡ್ತಿದ್ರು ಅವರು."

"ಮತ್ತೆ ಯಾಕೆ ಒಪ್ಕೊಂಡ್ರಿ?"

ಅವನು ಅರ ಕೆಳಗಿಟ್ಟ. ಬೀಗದ ಕೈಯನ್ನು ಊದಿ, ಬೆಳಕಿಗೆ ಹಿಡಿದು ನೋಡಿ, ಅದನ್ನೂ ಕೆಳಗಿಟ್ಟ. "ನಿಮಗೋಸ್ಕರ ಅಕ್ಕಾ."

ನೀರಕ್ಕನಿಗೆ ಅರ್ಥವಾಗಲಿಲ್ಲ.

"ಮೈಕಲ್ಲಿ ಪಾಯಿಂಟ್ ಐದು ಅಂತ ಕೇಳ್ತು. ನಿಮ್ಮ ದನಿ ನನಗೆ ಬರಲಿಲ್ಲ, ಆ ಬ್ಯಾಂಡಿನವರ ಮನೆ ಹಾಳಾಗ. ಮೂರು ಎಣಿಸ್ದೆ. 'ಅಲ್ಲ' ಬರಲಿಲ್ಲ. ತೆಗೆದೆ. ಜನ ಬಿದ್ದ ಮೇಲೆ ಕೂತು ಯೋಚನೆ ಮಾಡ್ದೆ. ಪಾಯಿಂಟ್ ಐದು ಇದ್ದ ನೀರು ಹೀಗೆ ಮಾಡಲ್ಲ. ಅಂದ್ರೆ ಅಕ್ಕ ಓದಿದ್ದೇ ತಪ್ಪಾಗಿದೆ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ. ಬಿಸಿಲಿತ್ತು, ಜನ ಇದ್ರು, ಕಣ್ಣು ಮಂಜಾಗಿರಬೇಕು. ಯಾರಿಗಾಗಲ್ಲ ಹೇಳಿ? ಅಧ್ಯಕ್ಷರ ಅಕ್ಕ ಅಂತ ವಿರೋಧದೋರು ನಿಮ್ಮನ್ನ ಹುರಿದು ಮುಕ್ಕಿಬಿಡ್ತಿದ್ರು. ಮನೇಲಿ ವಯಸ್ಸಾದ ಅಮ್ಮ. ನನಗಾದ್ರೆ ಬೀಗ ಬಿಚ್ಚೋದು ಗೊತ್ತು, ಹೊಟ್ಟೆಗೆ ತೊಂದರೆ ಇಲ್ಲ. ಅದಕ್ಕೇ ಹಾಗೆ ಬರೆಸ್ದೆ. ನೀವು ಈ ಕಡೆ ಬರದೇ ಇದ್ದಾಗ, ಪಾಪ, ನಾಚ್ಕೊಂಡಿದ್ದಾರೆ ಅಂದ್ಕೊಂಡೆ."

ನೀರಕ್ಕ ಗೋಡೆ ಹಿಡಿದುಕೊಂಡಳು. ಕೈ ತಗುಲಿ ಮೂರು ನಾಲ್ಕು ಬೀಗದ ಕೈಗಳು ಗಲಗಲ ಎಂದವು. ಅವನ ಬಾಯನ್ನು ತಮ್ಮ ಮುಚ್ಚಿಸಿದ್ದಾನೆ ಎಂದು ಇವಳು ತಿಳಿದಿದ್ದಳು. ಇವಳ ಕಣ್ಣು ತಪ್ಪಿತು ಎಂದು ಅವನು ತಿಳಿದಿದ್ದ. ಇವಳ ಕಣ್ಣು! ಇಪ್ಪತ್ತಾರು ವರ್ಷ ಒಂದು ಅಂಕಿಯನ್ನೂ ತಪ್ಪಾಗಿ ಓದದ ಕಣ್ಣಿನ ಮೇಲೆ ಐದು ಹೆಣ, ಆ ಐದು ಹೆಣವನ್ನು ಈ ಮನುಷ್ಯ ಸದ್ದಿಲ್ಲದೆ ತನ್ನ ಬೆನ್ನಿಗೆ ಹಾಕಿಕೊಂಡಿದ್ದ. ಇಬ್ಬರ ಬೆನ್ನಿನ ಮೇಲೂ ಕಾಲಿಟ್ಟು ಒಬ್ಬ ಸಂಸತ್ತಿನ ಮೆಟ್ಟಿಲು ಹತ್ತಿದ್ದ.

ಆಗಲೇ ಹೇಳಿಬಿಡಬಹುದಿತ್ತು. ಮೂರು ಪಂಪಿನ ಸದ್ದು ಮೀರಿ ಕೇಳುವ ದನಿ ಆ ಎಂಟಡಿಯ ಕೋಣೆಯಲ್ಲಿ ಹೊರಡಲಿಲ್ಲ. ಜೊತೆಗೆ ಇನ್ನೊಂದು ಯೋಚನೆ ಬಂತು. ಸುಳ್ಳು ಹೇಳಿದ್ದು ಬಯಲಿನಲ್ಲಿ, ಊರ ಮುಂದೆ. ನಿಜವನ್ನು ಮೂಲೆಯಲ್ಲಿ ಪಿಸುಗುಟ್ಟಿದರೆ ಲೆಕ್ಕ ಸರಿಹೋಗುವುದಿಲ್ಲ.

"ಹನ್ನೊಂದಕ್ಕೆ ಗುಂಡಿ ಹತ್ರ ಬರ್ತೀರಾ ಅಣ್ಣ?"

"ಹೂಗುಚ್ಛಕ್ಕಾ?"

"ಅಂಕಿಗೆ."

ಅವನು ಅರವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. "ಬರ್ತೀನಿ" ಎಂದ.

ತಮ್ಮ ಹತ್ತೂವರೆಗೆ ಬಂದ, ಆರು ಕಾರುಗಳಲ್ಲಿ. ಅಂದರೆ ಒಂದರಲ್ಲಿ ಅವನು, ಐದರಲ್ಲಿ ಅವನನ್ನು ನೋಡಿಕೊಳ್ಳುವವರು. ಟ್ಯಾಂಕಿನ ಕೆಳಗಿನ ಪರೀಕ್ಷೆಯ ಕೋಣೆಗೆ ಒಬ್ಬನೇ ಬಂದು ಬಾಗಿಲು ಹಾಕಿಕೊಂಡ. ಕೂದಲಿಗೆ ಬಣ್ಣ, ಕೆನ್ನೆಗೆ ಕ್ಯಾಮೆರಾದವರು ಬಳಿದ ಪೌಡರು.

"ಏನಕ್ಕಾ, ಇಳಿದು ಹೋಗಿದ್ದೀಯ."

"ನೀನು ಏರಿದ್ದೀಯಲ್ಲ, ಅದಕ್ಕೆ ಹಾಗೆ ಕಾಣ್ತಿದ್ದೀನಿ."

ಅವನು ನಕ್ಕು, ಚಿಕ್ಕಂದಿನ ಹಾಗೆ ಮೇಜಿನ ಅಂಚಿನ ಮೇಲೆ ಕೂತ. "ಎರಡು ನಿಮಿಷದ ಕೆಲಸ. ನೀನು ಹೇಳು, ನಾನು ಮತ್ತೆ ಹೇಳ್ತೀನಿ."

"ಮೇಜಿಂದ ಇಳಿ. ಗಾಜಿನ ಸಾಮಾನಿದೆ."

ಇಳಿದ. ಆ ಒಂದು ಕ್ಷಣ ಅವನು ಮತ್ತೆ ಹನ್ನೊಂದು ವರ್ಷದ ಹುಡುಗನಂತೆ ಕಂಡ.

"ನೀರುಗಂಟಿ ಅಣ್ಣನ್ನ ನೋಡಿ ಬಂದೆ" ಎಂದಳು ನೀರಕ್ಕ. "ಅವರು ಯಾಕೆ ಒಪ್ಕೊಂಡ್ರು ಗೊತ್ತಾ? ನಾನು ತಪ್ಪು ಓದಿದ್ದೀನಿ ಅಂತ. ನನ್ನ ಉಳಿಸೋಕೆ. ನಿನಗೆ ಗೊತ್ತಿತ್ತಾ?"

ತಮ್ಮ ಕಿಟಕಿಯ ಕಡೆ ತಿರುಗಿದ. ಹನ್ನೊಂದು ವರ್ಷದ ಹಿಂದೆ ನೋಟ ತಿರುಗಿಸಿದ ಹಾಗೆಯೇ. ಉತ್ತರ ಅದರಲ್ಲೇ ಇತ್ತು.

"ಗೊತ್ತಿತ್ತು" ಎಂದಳು ನೀರಕ್ಕ ತಾನೇ.

"ಅಕ್ಕ, ಸಮಾಧಾನವಾಗಿ ಕೇಳು. ಆವತ್ತು ನೀರು ಬಿಡದೇ ಇದ್ದಿದ್ರೆ ನನಗೆ ಟಿಕೆಟ್ ಇರ್ತಿರಲಿಲ್ಲ. ನಾನು ಹೋಗದೇ ಇದ್ದಿದ್ರೆ ನಾಲ್ಕು ಸಾವಿರ ಊರಿಗೆ ಪೈಪು ಹೋಗ್ತಿರಲಿಲ್ಲ. ನೀನು ಸೈನ್ಸ್ ಓದಿದೋಳು. ಈ ಕಡೆ ಐದು ಜನ. ಆ ಕಡೆ ಎಷ್ಟು ಲಕ್ಷ? ಲೆಕ್ಕ ಹಾಕು."

"ಐದು ಜನ ಅನ್ಬೇಡ. ಇಸ್ತ್ರಿಯವಳು ಅನ್ನು. ನಿನ್ನ ಮೊದಲನೇ ಚುನಾವಣೆಗೆ ಶರ್ಟು ಇಸ್ತ್ರಿ ಮಾಡಿಕೊಟ್ಟೋಳು ಅವಳು. ಗೆದ್ದು ಬಾ ಅಂತ ಕಾಲರ್ ಎರಡು ಸಲ ತಿಕ್ಕಿದ್ಲು."

"ನಾನು ಮಾಡಿದ್ದು ಸರಿ ಅಂತ ಹೇಳ್ತಿಲ್ಲ..."

"ಸರಿ ಅಂತಲೇ ಹೇಳ್ತಿದ್ದೀಯ. ಲಕ್ಷದ ಲೆಕ್ಕ ತೋರಿಸಿ ಹೇಳ್ತಿದ್ದೀಯ. ನನಗೆ ಆ ಲೆಕ್ಕ ಬರಲ್ಲ ಕಣೋ. ಟ್ಯೂಬಲ್ಲಿ ಕಂಡಿದ್ದನ್ನ ಓದೋದು ನನ್ನ ಕೆಲಸ. ಆ ಮನುಷ್ಯನ ಹೆಸರಿನ ಮೇಲಿರೋ ಮಸಿ ಇವತ್ತು ತೊಳೀತೀನಿ. ನಿನ್ನದು ಏನಾಗತ್ತೋ ಆಗಲಿ."

ಈಗ ಅವನ ದನಿ ಬದಲಾಯಿತು. ವೇದಿಕೆಯ ದನಿಯೂ ಅಲ್ಲ, ತಮ್ಮನ ದನಿಯೂ ಅಲ್ಲ. "ತೊಳಿ. ಆದ್ರೆ ಒಂದು ಮರೀಬೇಡ. ನಾನು ಸುಳ್ಳು ಹೇಳಿದೆ, ಒಪ್ಪಿದೆ. ನೀನು? ಮೂರು ಎಣಿಸೋವರೆಗೂ ಬಾಯಿ ಹೊಲ್ಕೊಂಡು ನಿಂತಿದ್ದೆ. ಅದನ್ನೂ ಹೇಳ್ತೀಯಾ ಊರ ಮುಂದೆ?"

"ಅದನ್ನೇ ಮೊದಲು ಹೇಳ್ತೀನಿ."

ಹೊರಗೆ ಪಿಎ ಬಾಗಿಲು ತಟ್ಟಿದ: ಬೆಳಕು ಚೆನ್ನಾಗಿದೆ ಸಾರ್, ಮೋಡ ಬರೋಕೆ ಮುಂಚೆ ಮುಗಿಸೋಣ. ತಮ್ಮ ಕನ್ನಡಿಯಿಲ್ಲದ ಗೋಡೆಯ ಮುಂದೆ ನಿಂತು ಶರ್ಟಿನ ಕಾಲರ್ ಸರಿಮಾಡಿಕೊಂಡು ಹೊರಗೆ ಹೋದ. ಅಕ್ಕ ಹೇಳುವುದಿಲ್ಲ ಎಂದೇ ಅವನು ನಂಬಿದ್ದಿರಬೇಕು. ಒಂದು ಸಲ ಸುಮ್ಮನಿದ್ದವರು ಯಾವಾಗಲೂ ಸುಮ್ಮನಿರುತ್ತಾರೆಂದು ಜನ ನಂಬುತ್ತಾರೆ.

ಅದೇ ಮೆಟ್ಟಿಲು. ಮೂರು ಕ್ಯಾಮೆರಾ, ಮುಂದೆ ಮುನ್ನೂರು ನಾನೂರು ಜನ. ಗುಂಡಿಯೊಳಗೆ ಹೊಸ ಆಪರೇಟರ್. ಗುಂಡಿಯ ಅಂಚಿನಲ್ಲಿ ಹಳೆಯ ನೀರುಗಂಟಿ, ಕೈಯಲ್ಲಿ ಹೂಗುಚ್ಛ. ಅದನ್ನು ಮಗುವಿನಂತೆ ಎತ್ತಿಕೊಳ್ಳುವುದೋ ಪೊರಕೆಯಂತೆ ಹಿಡಿಯುವುದೋ ತಿಳಿಯದವನ ಹಾಗೆ ಹಿಡಿದಿದ್ದ.

ನೀರಕ್ಕ ಟ್ಯೂಬನ್ನು ಮೂರು ಸಲ ತೊಳೆದಳು. ಕ್ಯಾಮೆರಾದವನು ಒಂದು ಸಲ ಸಾಕು ಎಂದು ಸನ್ನೆ ಮಾಡಿದ, ಅವಳು ಅವನ ಕಡೆ ನೋಡಲಿಲ್ಲ. ಮಾತ್ರೆ ಹಾಕಿದಳು. ನೀರು ಗುಲಾಬಿಯಾಯಿತು. ಪಟ್ಟಿಗೆ ಹಿಡಿದಳು. ಏನೇ ಸಿಟ್ಟಿರಲಿ, ಇಂದಿನ ನೀರಿನ ಮೇಲೆ ಅದನ್ನು ತೀರಿಸಿಕೊಳ್ಳುವಂತಿರಲಿಲ್ಲ. "ಸೊನ್ನೆ ಪಾಯಿಂಟ್ ಐದು" ಎಂದಳು, ಇದ್ದದ್ದೂ ಅಷ್ಟೇ. ತಮ್ಮ ಮೈಕಿನಲ್ಲಿ ಮತ್ತೆ ಹೇಳಿದ. ಒಂದು, ಎರಡು, ಮೂರು. ವಾಲ್ವ್ ತಿರುಗಿತು, ನೀರು ಚಿಮ್ಮಿತು, ಚಪ್ಪಾಳೆ ಬಿತ್ತು. ತಮ್ಮನ ಮುಖದ ಬಿಗಿ ಸಡಿಲವಾಯಿತು. ಅಕ್ಕನ ಹೆಗಲ ಮೇಲೆ ಕೈಯಿಟ್ಟು, ಒಂದೆರಡು ಮಾತಾಡು ಎಂಬಂತೆ ಮೈಕನ್ನು ಅವಳ ಕಡೆ ಹಿಡಿದ. ಫಿಲ್ಮಿಗೆ ಅದು ಚೆನ್ನಾಗಿ ಬರುತ್ತದಲ್ಲ.

"ಇವತ್ತಿನ ಅಂಕಿ ಸರಿಯಾಗಿದೆ, ಧೈರ್ಯವಾಗಿ ಕುಡೀರಿ" ಎಂದಳು ನೀರಕ್ಕ. "ಹನ್ನೊಂದು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ನಾನೊಂದು ತಪ್ಪು ಮಾಡಿದೆ. ಮತ್ತೆ ಹೇಳಿದ ಅಂಕಿ ತಪ್ಪಾಗಿದ್ರೆ 'ಅಲ್ಲ' ಅನ್ನೋದು ನನ್ನ ಕೆಲಸ. ನಾನು ಅನ್ನಲಿಲ್ಲ. ಐದು ಜನ ಸತ್ರು. ಆವತ್ತು ನನ್ನ ತಮ್ಮ ಮೈಕಲ್ಲಿ ಹೇಳಿದ ಅಂಕಿ ನಾನು ಹೇಳಿದ್ದ..."

ಮೈಕು ಸತ್ತಿತು. ಪಿಎಯ ಕೈ ತಂತಿಯ ಮೇಲಿತ್ತು.

ಆಮೇಲೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾರೂ ಹೆಚ್ಚಿನದೇನನ್ನೋ ನಿರೀಕ್ಷಿಸಬಾರದು. ತಮ್ಮ ಮರುದಿನ ಪ್ರಮಾಣವಚನ ತೆಗೆದುಕೊಂಡ. ಫಿಲ್ಮು ಚಪ್ಪಾಳೆಯ ಹತ್ತಿರ ಮುಗಿಯುತ್ತದೆ. ಪತ್ರಿಕೆಗಳಲ್ಲಿ, ಸಚಿವರ ಸಹೋದರಿ ಭಾವುಕರಾದರು ಎಂದು ಎರಡು ಸಾಲು ಬಂತು. ನೀರಕ್ಕನಿಗೆ, ಅನುಮತಿಯಿಲ್ಲದೆ ಸಾರ್ವಜನಿಕ ಹೇಳಿಕೆ ನೀಡಿದ್ದಕ್ಕೆ ಕಾರಣ ಕೇಳಿ ನೋಟಿಸು ಬಂತು. ಅವಳು ಒಂದು ಪುಟದ ಉತ್ತರ ಬರೆದು, ಅಂದಿನ ಸಮಯ, ಜಾಗ, ಅಂಕಿ ಎಲ್ಲ ನಮೂದಿಸಿ, ಹಳೆಯ ವಿಚಾರಣೆಯನ್ನು ಮತ್ತೆ ತೆರೆಯಬೇಕೆಂದು ಕೇಳಿದಳು. ಆ ಅರ್ಜಿ ಈಗಲೂ ಯಾವುದೋ ಮೇಜಿನ ಮೇಲಿದೆ. ಪ್ರತಿ ಸೋಮವಾರ ಅವಳು ಹೋಗಿ ಅದು ಯಾವ ಮೇಜು ಎಂದು ಕೇಳಿ ಬರುತ್ತಾಳೆ. ಕೇಳುವಾಗ ದನಿ ತಗ್ಗಿಸುವುದಿಲ್ಲ, ಗುಮಾಸ್ತರು ಪೆನ್ನು ಕೆಳಗಿಡುತ್ತಾರೆ.

ಆದರೆ ಆ ಹೊತ್ತು, ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಮೈಕು ಕಿತ್ತುಕೊಂಡವರಿಗೆ ಒಂದು ವಿಷಯ ತಿಳಿದಿರಲಿಲ್ಲ. ಮೂವತ್ತೇಳು ವರ್ಷ ಮೂರು ಪಂಪುಗಳ ಸದ್ದು ಮೀರಿ ಮಾತಾಡಿದ ಹೆಂಗಸಿಗೆ ಮೈಕು ಬೇಕಾಗಿರಲಿಲ್ಲ. ತಮ್ಮನಿಗೆ ತಿಳಿದಿತ್ತು. ಹೆಗಲ ಮೇಲಿದ್ದ ಕೈಯನ್ನು ಅವನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ತೆಗೆದುಕೊಂಡ.

"ಅಲ್ಲ!" ಎಂದಳು ನೀರಕ್ಕ.

ಬಯಲಿನ ಕೊನೆಯ ಸಾಲಿನಲ್ಲಿ ನಿಂತವರು ತಿರುಗಿದರು. ನೀರು ಸುರಿಯುತ್ತಲೇ ಇತ್ತು. ಗುಂಡಿಯ ಅಂಚಿನಲ್ಲಿ ನೀರುಗಂಟಿ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ. ಮೊದಲು ಏನೂ ತಿಳಿಯದವನಂತೆ ನೋಡಿದ, ಆಮೇಲೆ ತಿಳಿದುಹೋದವನಂತೆ. ಹೂಗುಚ್ಛವನ್ನು ನೆಲದ ಮೇಲಿಟ್ಟ. ಎರಡೂ ಕೈಯನ್ನು ಬಾಯಿಯ ಸುತ್ತ ಬಟ್ಟಲಿನಂತೆ ಹಿಡಿದು, ಇಪ್ಪತ್ತಾರು ವರ್ಷ ಪ್ರತಿ ಬೆಳಿಗ್ಗೆ ಕೂಗಿದ ಹಾಗೆಯೇ ಕೂಗಿದ.

"ಎಷ್ಟಕ್ಕಾ?"

ಅವಳು ಆ ದಿನ ಹೇಳಿದ್ದನ್ನೇ ಹೇಳಿದಳು.

"ಸೊನ್ನೆ."